ಹಳೇ ಲ್ಯಾಪ್‌ಟಾಪಿಗೆ ಹೊಸ ಒಕ್ಕಲು

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಋಣ ತೀರಿತು. ಹಾಗೆಂದು ಕಂಪ್ಯೂಟರೇನೂ ನಿಂತುಹೋಗಲಿಲ್ಲ. ಕಳ್ಳರು ನುಗ್ಗುವ ಕಿಂಡಿಗಳನ್ನು ಮುಚ್ಚುವ ತಿದ್ದುಪಡಿಗಳು ಮಾಮೂಲಿನಂತೆ ಬರುವುದು ನಿಂತಿತು, ಅಷ್ಟೆ. ಒಂದು ವರ್ಷ ವಾಯಿದೆ ಪಡೆಯುವ ದಾರಿಯೂ ಇತ್ತು. ಆದರೆ ವಾಯಿದೆ ಮುಂದೆ ಹೋದ ಮಾತ್ರಕ್ಕೆ ಸಾಲ ತೀರುವುದಿಲ್ಲವೆಂದು ಬ್ಯಾಂಕಿನಲ್ಲಿ ಜೀವ ಸವೆಸಿದವನಿಗೆ ಯಾರೂ ಹೇಳಿಕೊಡಬೇಕಿಲ್ಲ.

ನನ್ನ ಲ್ಯಾಪ್‌ಟಾಪ್ 2014ರದು. ವಿಂಡೋಸ್ 11 ಹಾಕೋಣವೆಂದರೆ ಅದಕ್ಕೆ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಬೇಕು, ಹೊಸ ತಲೆಮಾರಿನ ಪ್ರೊಸೆಸರೂ ಬೇಕು. ಅಂಗಡಿಯವರು ಹಿಂದೆ ಮುಂದೆ ತಿರುಗಿಸಿ ನೋಡಿ, "ಗುಜರಿಗೆ ಹಾಕಿ ಸಾರ್, ಹೊಸದು ತಗೊಳ್ಳಿ" ಅಂದರು. ಕೀಲಿಮಣೆಯ ಒಂದು ಅಕ್ಷರವೂ ಮಾಸದ ಯಂತ್ರ!

ನನಗೆ ಮನಸ್ಸಾಗಲಿಲ್ಲ. ಜಿಪುಣತನ ಇಲ್ಲವೆನ್ನಲಾರೆ, ಆದರೆ ಅದೊಂದೇ ಅಲ್ಲ. ಅದರೊಳಗೆ ನಮ್ಮ ಅಕ್ಕನ ಹಾಡುಗಳಿದ್ದವು. ಹಸೆಗೆ ಕರೆಯುವ ಹಾಡು, ಆರತಿ ಹಾಡು, ಬೀಗರನ್ನು ಹಾಸ್ಯ ಮಾಡುವ ಹಾಡು, ಎಲ್ಲ ಆಕೆಗೆ ಬಾಯಿಪಾಠ. ಒಂದು ಬೇಸಿಗೆಯಲ್ಲಿ ನಮ್ಮ ಮನೆಗೆ ಬಂದಿದ್ದಾಗ ಆಕೆ ಹೇಳುತ್ತಾ ಹೋದಳು, ನಾನು ನುಡಿ ತಂತ್ರಾಂಶದಲ್ಲಿ ಬೆರಳಚ್ಚಿಸುತ್ತಾ ಹೋದೆ. ಒಟ್ಟು 86 ಹಾಡು. ಈಗ ಅಕ್ಕ ಇಲ್ಲ.

"ತಾತ, ಲಿನಕ್ಸ್ ಹಾಕೋಣ. ದುಡ್ಡೂ ಕೊಡಬೇಕಿಲ್ಲ" ಅಂದಳು ಒಂಬತ್ತನೇ ತರಗತಿಯ ಮೊಮ್ಮಗಳು.

"ಸರಿ, ಹಾಕು."

"ಯಾವುದು?"

ಲಿನಕ್ಸ್ ಎಂದರೆ ಒಂದೇ ಎಂದುಕೊಂಡಿದ್ದೆ. 1991ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿ ಓದುತ್ತಿದ್ದ ಲೈನಸ್ ಟೋರ್ವಾಲ್ಡ್ಸ್ ಎಂಬ 21 ವರ್ಷದ ಹುಡುಗ ಬರೆಯಲು ಶುರುಮಾಡಿದ್ದು ಅದರ ತಿರುಳನ್ನು ಮಾತ್ರ. ಆ ತಿರುಳಿಗೆ ಪರದೆಯ ನೋಟ, ಬೇಕಾದ ತಂತ್ರಾಂಶಗಳನ್ನೆಲ್ಲ ಸೇರಿಸಿ ಬೇರೆ ಬೇರೆಯವರು ಕಟ್ಟಿಕೊಡುವ ಪೊಟ್ಟಣವೇ ಡಿಸ್ಟ್ರಿಬ್ಯೂಷನ್. ಅಕ್ಕಿ, ಉದ್ದು ಅವೇ. ಒಂದು ಮನೆಯಲ್ಲಿ ಇಡ್ಲಿ, ಪಕ್ಕದ ಮನೆಯಲ್ಲಿ ದೋಸೆ, ಆಚೆ ಬೀದಿಯಲ್ಲಿ ಪಡ್ಡು. ಇಂಥವು ನೂರಾರಿವೆಯಂತೆ.

ಮೊಮ್ಮಗಳು ಒಂದು ವಂಶವೃಕ್ಷ ಬರೆದು ತೋರಿಸಿದಳು. 1993ರ ಡೆಬಿಯನ್ ಅಜ್ಜ. 2004ರಲ್ಲಿ ಅದರಿಂದ ಹುಟ್ಟಿದ್ದು ಉಬುಂಟು. 2006ರಲ್ಲಿ ಶುರುವಾದ ಲಿನಕ್ಸ್ ಮಿಂಟ್ ಉಬುಂಟುವಿನ ಕೂಸು. ಇವರ ನಾಮಕರಣವೂ ಸ್ವಾರಸ್ಯ. ಡೆಬಿಯನ್ನಿನ ಆವೃತ್ತಿಗಳಿಗೆ 'ಟಾಯ್ ಸ್ಟೋರಿ' ಸಿನಿಮಾದ ಗೊಂಬೆಗಳ ಹೆಸರು, ಉಬುಂಟುವಿಗೆ ಪ್ರಾಣಿಗಳದು, ಮಿಂಟಿಗೆ ಹೆಣ್ಣುಮಕ್ಕಳದು. ನಾವು ಇಟ್ಟುಕೊಂಡದ್ದು ವಿಲ್ಮಾಳನ್ನು.

ಹಾಗೆಂದು ಹೆಸರು ನೋಡಿ ಆರಿಸಲಿಲ್ಲ. ಪೆನ್‌ಡ್ರೈವಿಗೆ ಲಿನಕ್ಸನ್ನು ಹಾಕಿ, ಅದರಿಂದಲೇ ಕಂಪ್ಯೂಟರ್ ಶುರುಮಾಡಿದರೆ ಒಳಗಿನ ವಿಂಡೋಸನ್ನು ಮುಟ್ಟದೆಯೇ ಓಡಿಸಿ ನೋಡಬಹುದು. ಸೀರೆಯಂಗಡಿಯಲ್ಲಿ ಹೆಗಲ ಮೇಲೆ ಹಾಕಿ ನೋಡುತ್ತಾರಲ್ಲ, ಹಾಗೆ. ನಾನು ಒಂದು ಚೀಟಿ ಬರೆದೆ: ವೈಫೈ, ಪ್ರಿಂಟರ್, ನಮ್ಮ ಬಡಾವಣೆ ಸಂಘದ ಲೆಕ್ಕದ ಎಕ್ಸೆಲ್ ಕಡತ, ಕನ್ನಡ ಕೀಲಿಮಣೆ, ಅಕ್ಕನ ಹಾಡು. ಯಾವುದು ಹಾಕಿದರೂ ಈ ಐದು ನಡೆಯಬೇಕು.

ಉಬುಂಟು ಚೆಂದವಿತ್ತು, ಆದರೆ ನನ್ನ 4 ಜಿಬಿ ಮೆಮೊರಿಗೆ ಭಾರ. "ಪೆನ್‌ಡ್ರೈವಿನಿಂದ ಓಡಿಸಿದರೆ ಯಾವುದಾದರೂ ನಿಧಾನವೇ ತಾತ" ಎಂದು ಮೊಮ್ಮಗಳು ವಕಾಲತ್ತು ವಹಿಸಿದಳು. ಇರಬಹುದು. ಜೋರಿನ್ ಎಂಬುದು ನೋಡಲು ಥೇಟ್ ವಿಂಡೋಸ್. ಅದೇ ನನಗೆ ತೊಡಕಾಯಿತು. ಮುಖ ಅದೇ ಇದ್ದುದರಿಂದ ವಿಂಡೋಸಿನಲ್ಲಿದ್ದ ಜಾಗದಲ್ಲೇ ಎಲ್ಲವನ್ನೂ ಹುಡುಕುತ್ತಿದ್ದೆ, ಸಿಗುತ್ತಿರಲಿಲ್ಲ. ಮಿಂಟ್‌ನಲ್ಲಿ ಎಡಗಡೆ ಕೆಳಗೆ ಒಂದು ಮೆನು, ಅದರಲ್ಲಿ ಎಲ್ಲವೂ ಸಾಲಾಗಿ. ಅದರಲ್ಲೇ ಎಕ್ಸ್‌ಎಫ್‌ಸಿಇ ಎಂಬ ಹಗುರವಾದ ರೂಪವಿದೆ. ನನ್ನ ಯಂತ್ರಕ್ಕೆ ಹೇಳಿ ಮಾಡಿಸಿದಂತಿತ್ತು. ಪ್ರಿಂಟರ್ ಕೂಡಲೇ ಸಿಕ್ಕಿತು. ಸಂಘದ ಲೆಕ್ಕ ಲಿಬ್ರೆಆಫೀಸಿನಲ್ಲಿ ತೆರೆದುಕೊಂಡಿತು. ಗೆರೆಗಳು ಒಂದಿಷ್ಟು ಸರಿದಿದ್ದರೂ ಮೊತ್ತ ಸರಿಯಾಗಿತ್ತು. ಐಬಸ್ ಎಂಬ ಸೌಲಭ್ಯದಲ್ಲಿ, ನನ್ನ ಬೆರಳಿಗೆ ಒಗ್ಗಿದ ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸವೂ ಸಿಕ್ಕಿತು.

ಕೊನೆಗೆ ಅಕ್ಕನ ಹಾಡು ತೆರೆದೆ. ಪರದೆ ತುಂಬ ಇಂಗ್ಲಿಷ್ ಅಕ್ಷರ, ತಲೆಯ ಮೇಲೆ ಕೊಂಬು ಕೊಕ್ಕೆ. ಒಂದಾದರೂ ಕನ್ನಡ ಅಕ್ಷರವಿಲ್ಲ. ಉಬುಂಟು, ಜೋರಿನ್ ಎರಡನ್ನೂ ಮತ್ತೆ ಹಾಕಿ ನೋಡಿದೆವು. ಅಲ್ಲೂ ಅದೇ ಕಥೆ. ಆ ರಾತ್ರಿ ನಾನು ಸರಿಯಾಗಿ ಊಟ ಮಾಡಲಿಲ್ಲ. "ಆ ಡಬ್ಬ ಹಾಗೇ ಇರಲಿ ಬಿಡ್ರೀ, ಮುಟ್ಟಬೇಡಿ" ಅಂದಳು ಮನೆಯವಳು.

ಗುಟ್ಟು ಮರುದಿನ ತಿಳಿಯಿತು. ನಾನು ಆಗ ಬಳಸಿದ್ದು ನುಡಿಯ ಹಳೆಯ ಬಗೆಯ ಫಾಂಟ್. ಅದರಲ್ಲಿ ಕನ್ನಡ ಅಕ್ಷರದ ಚಿತ್ರಗಳನ್ನು ಇಂಗ್ಲಿಷ್ ಅಕ್ಷರಗಳ ಸಂಖ್ಯೆಯಲ್ಲಿ ಕೂರಿಸಿರುತ್ತಾರೆ. ಬೇರೆಯವರ ಖಾತೆಗೆ ನಮ್ಮ ಹಣ ಜಮೆಯಾದ ಹಾಗೆ. ಆ ಫಾಂಟ್ ಇಲ್ಲದ ಕಡೆ ಖಾತೆದಾರನ ಹೆಸರೇ ಕಾಣುತ್ತದೆ. ಯೂನಿಕೋಡ್‌ನಲ್ಲಿ ಕನ್ನಡಕ್ಕೆ ಅದರದೇ ಸ್ವಂತ ಖಾತೆಯಿದೆ. ಮೊಮ್ಮಗಳು ವಿಂಡೋಸಿನಿಂದ ಆ ಫಾಂಟಿನ ಕಡತವನ್ನು ತಂದು ಮಿಂಟಿನ ಫಾಂಟ್ ಫೋಲ್ಡರಿಗೆ ಹಾಕಿದಳು. ಹಾಡು ಕಂಡಿತು. ನಾನು ಕನ್ನಡಕ ಒರೆಸಿಕೊಂಡೆ.

ಒಳಗೆ ಹಾಕುವ ಮುನ್ನ ಎಲ್ಲವನ್ನೂ ಎರಡು ಪೆನ್‌ಡ್ರೈವಿಗೆ ನಕಲು ಮಾಡಿದೆವು. ಲ್ಯಾಪ್‌ಟಾಪಿನಲ್ಲಿ 1,862 ಕಡತ, ಪೆನ್‌ಡ್ರೈವಿನಲ್ಲಿ 1,863. "ಒಂದು ಜಾಸ್ತಿ ಇದ್ದರೇನು ತಾತ?" ಹತ್ತು ಪೈಸೆ ಹೆಚ್ಚು ಬಂದರೂ ದೀಪ ಹಚ್ಚಿಕೊಂಡು ಕೂತವರು ನಾವು! ಹುಡುಕಿದೆವು. ನಕಲು ಮಾಡುವಾಗ ಹಾಡಿನ ಕಡತ ತೆರೆದೇ ಇತ್ತು. ಹಾಗೆ ತೆರೆದಾಗ ಹುಟ್ಟುವ ತಾತ್ಕಾಲಿಕ ಮರೆಕಡತವೂ ಜೊತೆಗೆ ಬಂದಿತ್ತು. ಲೆಕ್ಕ ತಾಳೆಯಾಯಿತು. ಆಮೇಲೆಯೇ 'ಡಿಸ್ಕ್ ಅಳಿಸಿ ಸ್ಥಾಪಿಸು' ಎಂಬ ಗುಂಡಿ ಒತ್ತಲು ಒಪ್ಪಿದ್ದು. ಅರ್ಧ ಗಂಟೆಯೂ ಹಿಡಿಯಲಿಲ್ಲ.

ಈಗ ಸಂಜೆ ಹೊತ್ತು ಹಾಡುಗಳನ್ನು ಯೂನಿಕೋಡಿಗೆ ಬದಲಾಯಿಸುತ್ತಿದ್ದೇವೆ. ಪರಿವರ್ತಕ ಹೆಚ್ಚಿನ ಕೆಲಸ ಮಾಡುತ್ತದೆ, ಒತ್ತಕ್ಷರ, ಅರ್ಕಾವತ್ತುಗಳಲ್ಲಿ ಎಡವುತ್ತದೆ. ಅವಳು ಗಟ್ಟಿಯಾಗಿ ಓದುತ್ತಾಳೆ, ನಾನು ತಿದ್ದುತ್ತೇನೆ. ನಿನ್ನೆ 37ನೆಯದು ಮುಗಿಯಿತು. ಮಧ್ಯದಲ್ಲಿ ನಿಲ್ಲಿಸಿ, "ತಾತ, ಹಸೆ ಅಂದರೇನು?" ಅಂದಳು. ಲ್ಯಾಪ್‌ಟಾಪ್ ಮುಚ್ಚಿ, ಅವಳ ಅಜ್ಜಿಯನ್ನು ಕರೆದೆ.