ಕಂದ

ಕನ್ನಡದಲ್ಲಿ ಕಂದನೆಂದರೆ ಮಗು. ಸಂಸ್ಕೃತದಲ್ಲಿ ಕಂದವೆಂದರೆ ಗೆಡ್ಡೆ. ಪಾಠಶಾಲೆಯಲ್ಲಿ ಕಲಿತ ಈ ಭೇದವನ್ನು ಮುಪ್ಪಿನಲ್ಲಿ ಒಂದು ಹಿಡಿ ಮಣ್ಣು ಅಳಿಸಿಬಿಟ್ಟಿತು.

ಇಂಗ್ಲೆಂಡಿನಲ್ಲಿರುವ ಮಗನ ಮನೆಯಲ್ಲಿ ನಾನು ಎರಡು ಚಳಿಗಾಲಗಳನ್ನು ಕಳೆದೆನು. ಸೊಸೆಗೆ ಐರಿಸ್ ಹೂಗಳೆಂದರೆ ಬಲು ಪ್ರೀತಿ. ಮೊದಲ ವರ್ಷದ ಅಕ್ಟೋಬರಿನಲ್ಲಿ ಆಕೆ ತರಿಸಿದ ಹತ್ತು ಗೆಡ್ಡೆಗಳನ್ನು ಇಬ್ಬರೂ ಸೇರಿ ಹಿತ್ತಲಿನಲ್ಲಿ ನೆಟ್ಟೆವು. ಸಣ್ಣ ಅಡಕೆಯಷ್ಟು ಗಾತ್ರ. ಮೈಮೇಲೆ ನೇಯ್ದ ಬಲೆಯಂಥ ಸಿಪ್ಪೆ. ಇದರ ತೌರು ತುರ್ಕಿಯ ಬೆಟ್ಟಗಳು. ಇದಕ್ಕೆ ಡ್ಯಾನ್‌ಫೋರ್ಡ್ ಎಂಬ ಮಹಿಳೆಯ ಹೆಸರನ್ನು 1876ರಲ್ಲಿ ಬೇಕರ್ ಎಂಬ ಸಸ್ಯಶಾಸ್ತ್ರಜ್ಞನು ಇಟ್ಟನು. ಚಳಿಗಾಲದಲ್ಲಿ ಕೊರೆಯುವ ಚಳಿ, ಬೇಸಗೆಯಲ್ಲಿ ಒಣಗಿದ ಮಣ್ಣು, ಇವೆರಡೂ ಇದಕ್ಕೆ ಬೇಕು. ಫೆಬ್ರವರಿಯಲ್ಲಿ, ಮರಗಳೆಲ್ಲ ಬೋಳಾಗಿ ನಿಂತಿದ್ದಾಗ, ಗೇಣುದ್ದವೂ ಇಲ್ಲದ ಗಿಡಗಳಲ್ಲಿ ಅರಿಸಿನದ ಬಣ್ಣದ ಹೂಗಳು ಅರಳಿದವು. ಮನೆಯವರೆಲ್ಲ ಹೊರಗೆ ಬಂದು ಬಗ್ಗಿ ನೋಡಿದೆವು.

ಮರುವರ್ಷ ಒಂದು ಹೂವೂ ಇಲ್ಲ. ಹುಲ್ಲಿನಂಥ ತೆಳ್ಳನೆಯ ಎಲೆಗಳು ಮಾತ್ರ. “ಇದರಲ್ಲಿ ಸತ್ತ್ವವಿಲ್ಲಮ್ಮ, ಕಿತ್ತುಬಿಡು” ಎಂದೆನು. “ಬಗೆದು ನೋಡೋಣ, ಮಾವ” ಎಂದು ಆಕೆ ಮಣ್ಣನ್ನು ಮೆಲ್ಲನೆ ಕೆದಕಿದಳು. ನೆಟ್ಟ ಗೆಡ್ಡೆ ಅಲ್ಲಿರಲಿಲ್ಲ. ಅದರ ಸ್ಥಾನದಲ್ಲಿ ಭತ್ತದ ಕಾಳಿನಷ್ಟು ಚಿಕ್ಕ ಮರಿಗೆಡ್ಡೆಗಳು ಗುಂಪಾಗಿದ್ದವು. ಈ ಜಾತಿಯ ಸ್ವಭಾವವೇ ಹಾಗೆ: ಹೂಬಿಟ್ಟ ಮೇಲೆ ತಾಯಿಗೆಡ್ಡೆ ಒಡೆದು ತನ್ನ ಸತ್ತ್ವವನ್ನೆಲ್ಲ ಮರಿಗಳಿಗೆ ಹಂಚಿಬಿಡುತ್ತದೆ, ಅವು ಬಲಿತು ಹೂಬಿಡಲು ಕೆಲವು ವರ್ಷಗಳೇ ಬೇಕು. ಇನ್ನಷ್ಟು ಆಳದಲ್ಲಿ ನೆಟ್ಟಿದ್ದರೆ ಅಷ್ಟು ಬೇಗ ಒಡೆಯುತ್ತಿರಲಿಲ್ಲವೇನೋ.

ಆಗ ನನಗೆ ಒಬ್ಬ ಹುಡುಗನ ನೆನಪಾಯಿತು. ಒಂದು ವರ್ಷ ತರಗತಿಗೇ ಮೊದಲಿಗನಾಗಿದ್ದವನು ಮರುವರ್ಷ ತೇರ್ಗಡೆಯಾಗಲಿಲ್ಲ. ತಾಯಿಯನ್ನು ಕರೆಸಿ, “ಇವನಿಗೆ ವಿದ್ಯೆ ಹತ್ತದು, ಯಾವುದಾದರೂ ಕೆಲಸಕ್ಕೆ ಹಾಕಿರಿ” ಎಂದೆನು. ಆಕೆ ತಲೆತಗ್ಗಿಸಿ ಹೊರಟುಹೋದಳು. ತಂದೆ ತೀರಿಕೊಂಡ ಮೇಲೆ ಆ ಹುಡುಗನು ಬೆಳಗಿನ ಜಾವ ಮನೆಮನೆಗೆ ಹಾಲು ಹಾಕಿ, ಸಂಜೆ ಅಂಗಡಿಯಲ್ಲಿ ದುಡಿದು, ಮೂವರು ತಮ್ಮತಂಗಿಯರನ್ನು ಸಾಕುತ್ತಿದ್ದನೆಂಬುದು ನನಗೆ ತಿಳಿದದ್ದು ಅವನು ಶಾಲೆ ಬಿಟ್ಟಮೇಲೆ. ಕೇಳಿದ್ದರೆ ಹೇಳುತ್ತಿದ್ದನು, ನಾನು ಕೇಳಲಿಲ್ಲ.

ಮರಿಗೆಡ್ಡೆಗಳನ್ನು ಆಯ್ದು, ಮರಳು ಬೆರೆಸಿದ ಮಣ್ಣಿನಲ್ಲಿ ಮತ್ತೆ ಹುಗಿದೆವು. ಅವು ಅರಳುವುದನ್ನು ನಾನು ಕಾಣುವೆನೋ ಇಲ್ಲವೋ ತಿಳಿಯದು. ಮಣ್ಣು ಬಗೆದು ನೋಡುವಷ್ಟು ತಾಳ್ಮೆ ಅಂದು ನನಗೂ ಇದ್ದಿದ್ದರೆ!