ತಲೆ ಕಪ್ಪಾಗುವ ಹೊತ್ತು

ಫೆಬ್ರುವರಿ ಕೊನೆಯ ವಾರ ಕಾರವಾರದ ಕೋಡಿಬಾಗದ ಕಡೆಯಿಂದ ಹಳೆ ಕಾಳಿ ಸೇತುವೆ ಹತ್ತಿ, ನಡುಹೊಳೆಯವರೆಗೆ ನಡೆದು ತಡೆಗೋಡೆಗೆ ಒರಗಿ ನಿಂತರೆ ಕಡಲಕ್ಕಿಗಳು ನಮ್ಮ ಕಣ್ಣಿನ ಮಟ್ಟದಲ್ಲೇ ಹಾದುಹೋಗುತ್ತಿದ್ದವು. ದಂಡೆಯಲ್ಲಿ ನಿಂತವನಿಗೆ ಸಿಗುವುದು ಹಕ್ಕಿಯ ಹೊಟ್ಟೆ ಮಾತ್ರ, ಅದೂ ಬಿಸಿಲಿಗೆ ಎದುರಾದರೆ ಬರೀ ನೆರಳು. ಸೇತುವೆಯ ಮೇಲಿಂದ ಬೆನ್ನಿನ ಬೂದು ಬಣ್ಣ, ರೆಕ್ಕೆಯ ಕಪ್ಪು ತುದಿಯಲ್ಲಿ ಬಿಳಿ ಚುಕ್ಕೆ, ಕೆಂಪು ಕೊಕ್ಕು, ನಮ್ಮನ್ನೇ ಓರೆಯಾಗಿ ನೋಡುವ ಬಿಳಿಚಿದ ಕಣ್ಣು, ಎಲ್ಲ ಕಾಣುತ್ತಿತ್ತು. ನಾನು ದುರ್ಬೀನು ಕೊಂಡದ್ದು ಹುಬ್ಬಳ್ಳಿಯಲ್ಲಿ ಕೆಲಸಕ್ಕೆ ಸೇರಿದ ಮೇಲೆ. ಕೊಂಡು ತಂದು ಅದೇ ಜಾಗದಲ್ಲಿ ನಿಂತೆ. ಲಾರಿ ಹೋದಾಗಲೆಲ್ಲ ಸೇತುವೆ ನಡುಗುತ್ತಿತ್ತು, ದುರ್ಬೀನಿನೊಳಗಿನ ಹಕ್ಕಿಯೂ ನಡುಗುತ್ತಿತ್ತು. ಬರಿಗಣ್ಣೇ ವಾಸಿ ಅನಿಸಿತು.

ಚಳಿಗಾಲಕ್ಕೆ ಬಂದಿಳಿಯುವಾಗ ಅವುಗಳ ತಲೆ ಬಿಳಿ, ಕಣ್ಣಿನ ಹಿಂದೆ ಕಾಡಿಗೆ ಒರೆಸಿಕೊಂಡ ಹಾಗೆ ಒಂದು ಮಚ್ಚೆ. ಹೋಳಿ ಹತ್ತಿರವಾದಂತೆ ಹಳೆ ಗರಿ ಉದುರಿ ಆ ಮಚ್ಚೆ ಹರಡತೊಡಗುತ್ತದೆ. ಕೆಲಕಾಲ ತಲೆಯೆಲ್ಲ ಕೊಳೆ ಮೆತ್ತಿಕೊಂಡಂತೆ ಕಾಣುತ್ತದೆ, ಆಮೇಲೆ ಕಡುಕಂದು ಮುಸುಕು ಪೂರ್ತಿಯಾಗುತ್ತದೆ. ಲಡಾಖ್, ಟಿಬೆಟ್‌ಗಳ ಎತ್ತರದ ಸರೋವರಗಳಲ್ಲಿ ಮರಿ ಮಾಡಲು ಹೊರಡುವ ಮೊದಲಿನ ಸಿಂಗಾರ ಅದು. ಪುಸ್ತಕದಲ್ಲಿ ಇದರ ಹೆಸರು ಕಂದುತಲೆಯ ಕಡಲಕ್ಕಿ. ನಮ್ಮಲ್ಲಿರುವಷ್ಟು ಕಾಲ ಹೆಚ್ಚಾಗಿ ಬಿಳಿತಲೆಯಲ್ಲೇ ಇರುತ್ತದೆ ಅನ್ನುವುದು ಬೇರೆ ಮಾತು. ಬಿಳಿತಲೆಯವು ಹೋಗಿ ಬೇರೆ ಜಾತಿಯ ಹಕ್ಕಿ ಬಂದವು ಎಂದೇ ನಾನು ಬಹಳ ದಿನ ತಿಳಿದಿದ್ದೆ.

ತಿದ್ದಿದವರು ತಾರಿಯ ಅಜ್ಜ. ಸೇತುವೆ ಆಗುವ ಮೊದಲು ಸದಾಶಿವಗಡಕ್ಕೆ ತಾರಿ ದೋಣಿಯಲ್ಲೇ ದಾಟಬೇಕಿತ್ತು; ಅಜ್ಜ ಅದರಲ್ಲಿ ದುಡಿದವರು. ಸೇತುವೆ ಬಂದು ಅವರ ಕೆಲಸ ತಿಂದುಹಾಕಿತು. ಆದರೂ ಸಂಜೆಯಾದರೆ ಅದೇ ಸೇತುವೆಗೆ ಬಂದು ನಿಲ್ಲುತ್ತಿದ್ದರು. "ತಮಾ, ತಲೆ ಕಪ್ಪಾಯ್ತು ಅಂದ್ರೆ ಅವು ಊರಿಗೆ ಹೊಂಟ್ವು ಅಂತ ಲೆಕ್ಕ. ಇನ್ನು ಹದಿನೈದು ದಿವಸ, ನೋಡ್ತಾ ಇರು." ಅವರಿಗೆ ಅದು ಕಂದಲ್ಲ, ಕಪ್ಪೇ. ನಾನು ಗೋಡೆಯ ಕ್ಯಾಲೆಂಡರಿನಲ್ಲಿ ಗೆರೆ ಹಾಕಿಟ್ಟೆ. ಹದಿನೆಂಟನೆಯ ದಿನ ಹೊಳೆಯ ಮೇಲೆ ಒಂದೂ ಇರಲಿಲ್ಲ. ಪೇಟೆಗೆ ಸುರಗಿ ದಂಡೆ ಬರುವುದು, ಹಾಲಕ್ಕಿ ಒಕ್ಕಲಿಗರ ಸುಗ್ಗಿ ಮೇಳ ತುರಾಯಿ ಕಟ್ಟಿಕೊಂಡು ಅಂಗಳಕ್ಕೆ ಬರುವುದು, ಕಡಲಕ್ಕಿಯ ತಲೆ ಕಪ್ಪಾಗುವುದು, ಮೂರೂ ಸೇರಿ ಅಜ್ಜನಿಗೆ ಒಂದೇ ಹಬ್ಬ.

ಅವರ ಕಣ್ಣು ಪಳಗಿದ್ದು ರಂಪಣಿ ಬಲೆಯ ಮೀನುಗಾರಿಕೆಯಲ್ಲಿ. ರೀವ ಹಕ್ಕಿಗಳು ಒಂದೇ ಕಡೆ ಮುಗುಚಿ ಮುಗುಚಿ ನೀರಿಗೆ ಬಿದ್ದವೆಂದರೆ ಕೆಳಗೆ ಬಾಂಗಡೆಯೋ ತಾರ್ಲೆಯೋ ಬಂದಿದೆ ಎಂದರ್ಥ. ದಂಡೆಯಿಂದ ಕೂಗು ಹೋಗುತ್ತಿತ್ತು, ದೋಣಿ ಬಲೆ ಬಿಡುತ್ತ ದೊಡ್ಡ ಸುತ್ತು ಹಾಕುತ್ತಿತ್ತು, ಊರಿಗೆ ಊರೇ ಹಗ್ಗಕ್ಕೆ ಕೈಹಾಕುತ್ತಿತ್ತು. ಎಳೆಯುವವರ ತಲೆಯ ಮೇಲೆ ಗರುಡ, ಕಾಗೆ, ಕಡಲಕ್ಕಿಗಳ ಸಂತೆ. 1970ರ ದಶಕದಲ್ಲಿ ಪರ್ಸೀನ್ ದೋಣಿಗಳು ಬಂದವು, ಕೆಲವೇ ವರ್ಷಗಳಲ್ಲಿ ದೊಡ್ಡ ರಂಪಣಿ ಮರಳ ಮೇಲಿಂದ ಎದ್ದುಹೋಯಿತು. ಈಗ ಮೀನಿನ ಗುಂಪನ್ನು ದೋಣಿಯೊಳಗಿನ ಪರದೆ ತೋರಿಸುತ್ತದೆ. ಹಕ್ಕಿಯ ಕಡೆ ಕತ್ತೆತ್ತಬೇಕಾದ ಗರಜು ಯಾರಿಗೂ ಇಲ್ಲ.

ಹಕ್ಕಿ ನೋಡುವುದು ಕಾರವಾರಕ್ಕೆ ಹೊಸದೂ ಅಲ್ಲ. ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯನ್ನು 1883ರಲ್ಲಿ ಕಟ್ಟಿದವರಲ್ಲಿ ಒಬ್ಬನಾದ, ಉಪ್ಪು-ಸುಂಕ ಇಲಾಖೆಯ ಐಟ್ಕನ್ ಇಲ್ಲಿದ್ದವನು. ಇಲ್ಲಿ ಕಲೆಕ್ಟರ್ ಆಗಿದ್ದ ಡೇವಿಡ್ಸನ್‌ನಿಗೂ ಹಕ್ಕಿಯ ಹುಚ್ಚು. ಅವರು ಬರೆದಿಟ್ಟರು, ಅಜ್ಜ ಬರೆಯಲಿಲ್ಲ. ನನಗೆ ಗೊತ್ತಿರುವುದರಲ್ಲಿ ಹೆಚ್ಚಿನದು ಬರೆಯದವರಿಂದಲೇ ಬಂದದ್ದು.

1986ರಲ್ಲಿ ಅರಗಾದ ಕಡೆ ನೌಕಾನೆಲೆಗೆ ಅಡಿಗಲ್ಲು ಬಿತ್ತು. ಯೋಜನೆಗೆ ಸೀಬರ್ಡ್, ಅಂದರೆ ಕಡಲಕ್ಕಿ, ಎಂದು ಹೆಸರಿಟ್ಟರು. ಹೆಸರೇನೋ ಚೆನ್ನಾಗಿದೆ. ಊರುಗಳನ್ನು ಎಬ್ಬಿಸಿದರು, 2005ರಲ್ಲಿ ಐಎನ್‌ಎಸ್ ಕದಂಬ ಶುರುವಾಯಿತು. ಇವತ್ತು ಕಾರವಾರದ ಯಾವ ಚಹಾದಂಗಡಿಯಲ್ಲಾದರೂ ಸೀಬರ್ಡ್ ಅಂದು ನೋಡಿ. ಮಾತು ಪರಿಹಾರದ ಹಣಕ್ಕೆ, ಕೋರ್ಟು ಕೇಸಿಗೆ, ನಿರಾಶ್ರಿತರ ಕಾಲನಿಗೆ ಹೋಗುತ್ತದೆ.

ಹಳೆ ಸೇತುವೆ 2024ರ ಆಗಸ್ಟ್ 7ರ ನಡುರಾತ್ರಿ ಕಳೆದ ಮೇಲೆ ಕುಸಿದು ಹೊಳೆಗೆ ಬಿತ್ತು. ಜೊತೆಗೆ ಒಂದು ಲಾರಿಯೂ ಬಿತ್ತು, ಚಾಲಕನನ್ನು ಬದುಕಿಸಿದರು. ಬೆಳಿಗ್ಗೆ ಹುಬ್ಬಳ್ಳಿಯಲ್ಲಿ ಫೋನಿನಲ್ಲಿ ಚಿತ್ರ ನೋಡಿದೆ. ಚಾಲಕ ಉಳಿದನೆಂದು ತಿಳಿದ ಮರುಕ್ಷಣ ಮನಸ್ಸಿಗೆ ಬಂದದ್ದು, ಇನ್ನು ಎಲ್ಲಿ ನಿಲ್ಲುವುದು ಎಂಬ ಪ್ರಶ್ನೆ. ಹೇಳಿಕೊಳ್ಳಲು ನಾಚಿಕೆಯೇ. ಅಜ್ಜ ಅಷ್ಟರಲ್ಲಿ ತೀರಿಕೊಂಡು ಎಷ್ಟೋ ವರ್ಷವಾಗಿತ್ತು. ಇದ್ದಿದ್ದರೆ ನಗುತ್ತಿದ್ದರೋ ಏನೋ, ತಾರಿ ಅದಕ್ಕಿಂತ ಗಟ್ಟಿಯಿತ್ತು ಎಂದು.

ಹಕ್ಕಿಗಳು ಈಗಲೂ ಬರುತ್ತವೆ. ಮರುವರ್ಷ ಹೋಳಿಯ ಮುಂಚೆ ಊರಿಗೆ ಹೋದಾಗ ಪಕ್ಕದ ಹೊಸ ಸೇತುವೆಯ ಮೇಲೆ ಕಾರು ನಿಧಾನ ಮಾಡಿದೆ. ಹಿಂದಿನಿಂದ ಟ್ಯಾಂಕರ್ ಹಾರ್ನ್ ಹಾಕಿತು. ಕಿಟಕಿಯ ಪಕ್ಕದಲ್ಲೇ, ಹಿಂದಿನ ಹಾಗೆ ಕಣ್ಣಿನ ಮಟ್ಟದಲ್ಲಿ, ಒಂದು ಕಡಲಕ್ಕಿ ಗಾಳಿಗೆ ಎದುರಾಗಿ ರೆಕ್ಕೆ ಅಲ್ಲಾಡಿಸದೆ ತೇಲುತ್ತಿತ್ತು. ತಲೆ ಕಪ್ಪಾಗಿತ್ತೋ ಇಲ್ಲವೋ, ನೋಡುವಷ್ಟರಲ್ಲಿ ಸದಾಶಿವಗಡ ಬಂದಿತ್ತು.