ಹೊತ್ತು ನಡೆದ ಗಣಕಯಂತ್ರ

ಗಣಕಯಂತ್ರದ ಚರಿತ್ರೆಯನ್ನು ಬರೆಯಲು ಕನ್ನಡ ಪಂಡಿತನಿಗೆ ಅಧಿಕಾರವೇನು ಎಂದು ವಾಚಕ ಮಹಾಶಯರು ಕೇಳಬಹುದು. ಶಬ್ದಮಣಿದರ್ಪಣವನ್ನು ಪಾಠ ಹೇಳುತ್ತ ಮೂವತ್ತು ವರ್ಷ ಕಳೆದವನಿಗೆ ಯಂತ್ರಶಾಸ್ತ್ರದ ಪರಿಚಯವಿಲ್ಲವೆಂಬುದು ನಿಜವೇ. ಆದರೆ ಪುಸ್ತಕದ ಗಂಟನ್ನು ಹೊತ್ತು ಊರಿಂದೂರಿಗೆ ತಿರುಗುವ ಕಷ್ಟವನ್ನು ನಮ್ಮ ವರ್ಗದವರು ಚೆನ್ನಾಗಿ ಬಲ್ಲರು. ಆ ಒಂದು ಸಂಬಂಧದಿಂದಲೇ ಈ ಕಥೆ ನನಗೆ ಹತ್ತಿರದ್ದಾಯಿತು.

ಕೆಲವು ವರ್ಷಗಳ ಹಿಂದೆ ಮಗಳ ಮನೆಗೆಂದು ಅಮೆರಿಕೆಗೆ ಹೋಗಿದ್ದಾಗ ಅಳಿಯಂದಿರು ಕ್ಯಾಲಿಫೋರ್ನಿಯದ ಮೌಂಟನ್ ವ್ಯೂ ಎಂಬ ಊರಿನಲ್ಲಿರುವ ಗಣಕಯಂತ್ರಗಳ ವಸ್ತುಸಂಗ್ರಹಾಲಯವನ್ನು ತೋರಿಸಿದರು. ಅಲ್ಲಿ ಹೊಲಿಗೆಯಂತ್ರದ ಪೆಟ್ಟಿಗೆಯನ್ನು ಹೋಲುವ ಒಂದು ವಸ್ತು ನನ್ನನ್ನು ತಡೆದು ನಿಲ್ಲಿಸಿತು. ಅದರ ಹೆಸರು ಆಸ್‌ಬೋರ್ನ್-1. ಸುಮಾರು 11 ಕಿಲೋ ತೂಕದ ಆ ಪೆಟ್ಟಿಗೆಗೆ ಒಂದು ಹಿಡಿಕೆ. ಮುಚ್ಚಳವನ್ನು ಬಿಚ್ಚಿದರೆ ಅದೇ ಕೀಲಿಮಣೆ. ಎರಡು ಫ್ಲಾಪಿ ಡ್ರೈವುಗಳ ನಡುವೆ ಅಂಗೈಯಗಲದ, 5 ಅಂಗುಲದ ಪರದೆ.

ಈ ಪೆಟ್ಟಿಗೆಗೆ ಪೂರ್ವಜರಿಲ್ಲದಿಲ್ಲ. 1972ರಲ್ಲಿಯೇ ಝೆರಾಕ್ಸ್ ಸಂಸ್ಥೆಯ ಅಲನ್ ಕೇ ಎಂಬ ವಿಜ್ಞಾನಿ, ಮಕ್ಕಳು ನೋಟುಪುಸ್ತಕದಂತೆ ಒಯ್ಯಬಹುದಾದ ‘ಡೈನಾಬುಕ್’ ಎಂಬ ಯಂತ್ರವನ್ನು ಕಾಗದದ ಮೇಲೆ ಕಲ್ಪಿಸಿದ್ದನು. ಶಿಶುಶಿಕ್ಷಣಕ್ಕಾಗಿ ಹುಟ್ಟಿದ ಆ ಕಲ್ಪನೆ ಶಿಕ್ಷಕರಾದ ನಾವು ನೆನೆಯತಕ್ಕದ್ದು. 1975ರಲ್ಲಿ ಐಬಿಎಂ 5100 ಬಂದಿತು. 20 ಕಿಲೋಗೂ ಮೀರಿದ ಅದನ್ನು ಒಯ್ಯುವವನು ಜಟ್ಟಿಯೇ ಆಗಿರಬೇಕು, ಬೆಲೆಯೋ ಕನಿಷ್ಠ ಒಂಬತ್ತು ಸಾವಿರ ಡಾಲರಿಗೆ ಸಮೀಪ.

ಆಸ್‌ಬೋರ್ನ್-1 ಹೊರಬಂದದ್ದು 1981ರ ಏಪ್ರಿಲ್ ತಿಂಗಳಲ್ಲಿ, ಸಾನ್ ಫ್ರಾನ್ಸಿಸ್ಕೋ ನಗರದ ಒಂದು ಗಣಕಯಂತ್ರ ಮೇಳದಲ್ಲಿ. ಬೆಲೆ 1,795 ಡಾಲರು. ಬರವಣಿಗೆಗೆ ವರ್ಡ್‌ಸ್ಟಾರ್, ಲೆಕ್ಕಪತ್ರಕ್ಕೆ ಸೂಪರ್‌ಕ್ಯಾಲ್ ಮೊದಲಾದ ತಂತ್ರಾಂಶಗಳನ್ನೂ ಅದೇ ಬೆಲೆಯಲ್ಲಿ ಕೂಡಿಸಿಕೊಟ್ಟದ್ದು ಆಗ ಹೊಸ ಸಂಪ್ರದಾಯ. ಯಂತ್ರವನ್ನು ರೂಪಿಸಿದವನು ಲೀ ಫೆಲ್ಸೆನ್‌ಸ್ಟೈನ್. ಅಷ್ಟು ಸಣ್ಣ ಪರದೆಯಲ್ಲಿ ಒಂದು ಸಾಲಿಗೆ 52 ಅಕ್ಷರಗಳು ಮಾತ್ರ ಕಾಣುವವು. ಸ್ಮೃತಿಯಲ್ಲಿ 128 ಅಕ್ಷರಗಳ ಸಾಲು ಇರುವುದು. ಗುಂಡಿಯೊತ್ತಿ ಕಿಟಕಿಯನ್ನು ಸರಿಸಿದಂತೆ ಸರಿಸಿ ಉಳಿದುದನ್ನು ಓದಬೇಕು. ಉದ್ದನೆಯ ತಾಳೆಗರಿಯ ಮೇಲೆ ಅಂಗೈಯಗಲದ ರಂಧ್ರವುಳ್ಳ ಹಲಗೆಯನ್ನಿಟ್ಟು ಓದುವುದನ್ನು ಊಹಿಸಿಕೊಂಡರೆ ಈ ಉಪಾಯ ತಿಳಿಯುತ್ತದೆ. ವಿಮಾನದ ಆಸನದ ಕೆಳಗೆ ಈ ಪೆಟ್ಟಿಗೆ ಹಿಡಿಸುತ್ತಿತ್ತು; ಆದರೆ ವಿದ್ಯುತ್ತಿನ ತಂತಿ ಸಿಕ್ಕುವ ಕಡೆ ಇಳಿಸಿದ ಮೇಲೆಯೇ ಕೆಲಸ. ಕನ್ನಡದಲ್ಲಿ ಹೊರುವುದಕ್ಕೂ ಒಯ್ಯುವುದಕ್ಕೂ ಭೇದವುಂಟಷ್ಟೆ? ಇದು ಹೊರುವ ಯಂತ್ರ.

ಇದರ ಒಡೆಯನಾದ ಆಡಮ್ ಆಸ್‌ಬೋರ್ನನ ಬಾಲ್ಯ ಕಳೆದದ್ದು ನಮ್ಮ ನೆರೆಯ ತಿರುವಣ್ಣಾಮಲೈಯಲ್ಲಿ ಎಂದು ತಿಳಿದಾಗ ನನಗಾದ ಆಶ್ಚರ್ಯ ಅಷ್ಟಿಷ್ಟಲ್ಲ. 1939ರಲ್ಲಿ ಬ್ಯಾಂಕಾಕಿನಲ್ಲಿ ಜನಿಸಿದ ಆಡಮನ ತಂದೆ ಆರ್ಥರ್ ಆಸ್‌ಬೋರ್ನರು ರಮಣ ಮಹರ್ಷಿಗಳ ಭಕ್ತರು, ಅವರ ಜೀವನವನ್ನು ಇಂಗ್ಲಿಷಿನಲ್ಲಿ ಬರೆದವರು. ಏನೂ ಬೇಡವೆಂದವರ ಆಶ್ರಮದ ಅಂಗಳದಲ್ಲಿ ಆಡಿ ಬೆಳೆದ ಹುಡುಗ ಮುಂದೆ ರಸಾಯನ ಶಿಲ್ಪಶಾಸ್ತ್ರ ಕಲಿತು, ಗಣಕಯಂತ್ರ ಕುರಿತ ಪುಸ್ತಕಗಳನ್ನು ಬರೆದು ಪ್ರಕಟಿಸಿ, ಆ ಪ್ರಕಾಶನವನ್ನು ಮಾರಿ, ಉದ್ಯಮಕ್ಕೆ ಇಳಿದನು. ಏಳಿಗೆಯಷ್ಟೇ ಶೀಘ್ರವಾಗಿ ಪತನವೂ ಬಂದಿತು. 1983ರ ಸೆಪ್ಟೆಂಬರಿನಲ್ಲಿ ಕಂಪನಿ ದಿವಾಳಿಯೆಂದು ಅರ್ಜಿ ಹಾಕಿಕೊಂಡಿತು. ಮುಂದೆ ಬರಲಿರುವ ಯಂತ್ರದ ಸುದ್ದಿಯನ್ನು ಮೊದಲೇ ಹೊರಗೆಡಹಿದ್ದರಿಂದ ಇದ್ದ ಯಂತ್ರವನ್ನು ಯಾರೂ ಕೊಳ್ಳದಾದರು ಎಂಬುದು ಪ್ರಚಲಿತ ಕಥೆ. ನನಗೆ ಅದು ಪೂರ್ತಿ ಒಪ್ಪಿಗೆಯಾಗದು. ಅದೇ ಬಗೆಯ, 9 ಅಂಗುಲದ ಪರದೆಯ ಕೇಪ್ರೋ 1982ರಲ್ಲಿಯೇ ಕಡಿಮೆ ಬೆಲೆಗೆ ಎದುರು ನಿಂತಿತ್ತು. ಮರುವರ್ಷ ಐಬಿಎಂ ಯಂತ್ರದ ತಂತ್ರಾಂಶಗಳನ್ನೇ ನಡೆಸಬಲ್ಲ ಕಾಂಪ್ಯಾಕ್ ಮಾರುಕಟ್ಟೆಗೆ ಇಳಿಯಿತು. ಬಾಯಿಬಿಟ್ಟು ಕೆಟ್ಟನೆಂಬ ನೀತಿಕಥೆ ಹೇಳಲು ಸೊಗಸು, ಅಷ್ಟೆ.

ನಿಜವಾಗಿ ಒಯ್ಯುವ ಯಂತ್ರವೆಂದರೆ 1983ರ ಟಿಆರ್‌ಎಸ್-80 ಮಾಡೆಲ್ 100. ನಾಲ್ಕು ಸಣ್ಣ ಬ್ಯಾಟರಿಗಳಿಂದ ನಡೆಯುವ, ಪುಸ್ತಕದಷ್ಟೇ ಗಾತ್ರದ ಅದನ್ನು ಪತ್ರಿಕಾ ವರದಿಗಾರರು ಬಹುವಾಗಿ ಮೆಚ್ಚಿಕೊಂಡರು.

ಆ ಗಾಜಿನ ಕಪಾಟಿನ ಮುಂದೆ ನನಗೆ ನೆನಪಾದದ್ದು ನನ್ನ ಗುರುಗಳ ಕಬ್ಬಿಣದ ಟ್ರಂಕು. ಒಕ್ಕಲುತನದ, ನೇಯ್ಗೆಯ, ಬಡಗಿಯ ಕೆಲಸದ ಮಾತುಗಳನ್ನು ಮೂವತ್ತು ವರ್ಷ ಕಾಲ ಹಳ್ಳಿಹಳ್ಳಿ ತಿರುಗಿ ಚೀಟಿಗಳಲ್ಲಿ ಬರೆದಿಟ್ಟವರು ಅವರು. ವರ್ಗವಾದಾಗಲೆಲ್ಲ ಆ ಟ್ರಂಕನ್ನು ಇಬ್ಬರು ಹಮಾಲರು ಬಸ್ಸಿನ ಮೇಲೇರಿಸುವರು. 1988ರ ಮಳೆಗಾಲದಲ್ಲಿ ಹಾಗೆ ಪಯಣಿಸಿದ ಟ್ರಂಕನ್ನು ಇಳಿಸಿ ತೆರೆದಾಗ ಶಿಷ್ಯನಾದ ನಾನು ಪಕ್ಕದಲ್ಲಿದ್ದೆ. ತಕಾರದಿಂದ ಮಕಾರದವರೆಗಿನ ಚೀಟಿಗಳೆಲ್ಲ ಶಾಯಿ ಹರಡಿ ನೀಲಿಯ ಮುದ್ದೆಯಾಗಿದ್ದವು. ಗುರುಗಳು ಏನೂ ಆಡಲಿಲ್ಲ. ಒಂದೊಂದನ್ನೇ ಬಿಡಿಸಿ ಜಗಲಿಯ ಮೇಲೆ ಒಣಹಾಕಿದರು. ಹೇಳಿದ್ದ ಹಿರಿಯರು ಅಷ್ಟರೊಳಗೆ ಎಷ್ಟೋ ಮಂದಿ ತೀರಿಕೊಂಡಿದ್ದರು; ಮತ್ತೆ ಕೇಳುವುದು ಯಾರನ್ನು?

ಆಸ್‌ಬೋರ್ನನ ಪೆಟ್ಟಿಗೆ ಬಂದು ಆಗಲೇ ಏಳು ವರ್ಷ ಸಂದಿದ್ದವು. ನಮಗೆ ಅದು ದೊರೆತಿದ್ದರೂ ಪ್ರಯೋಜನವಿರಲಿಲ್ಲ, ಅದರ ಅಕ್ಷರಮಾಲೆ ರೋಮನ್ನಿನದು. ಯೂನಿಕೋಡ್ ಎಂಬ ಲಿಪಿಸಂಕೇತದ ಮೊದಲ ಆವೃತ್ತಿಯಲ್ಲಿ ಕನ್ನಡ ಅಕ್ಷರಗಳು ಸ್ಥಾನ ಪಡೆದದ್ದು 1991ರಲ್ಲಿ.

ಆಡಮ್ ಆಸ್‌ಬೋರ್ನ್ ರೋಗಪೀಡಿತನಾಗಿ ಕೊನೆಗೆ ದಕ್ಷಿಣ ಭಾರತಕ್ಕೇ ಮರಳಿ, 2003ರ ಮಾರ್ಚಿನಲ್ಲಿ ಕೊಡೈಕನಾಲಿನಲ್ಲಿ ತೀರಿಕೊಂಡನು. ಗುರುಗಳೂ ಈಗಿಲ್ಲ. ಉಳಿದ ಚೀಟಿಗಳನ್ನು ಒಂದೂವರೆ ಕಿಲೋ ತೂಕದ ಯಂತ್ರದಲ್ಲಿ ನಾನೂ ಇಬ್ಬರು ಹಳೆಯ ವಿದ್ಯಾರ್ಥಿಗಳೂ ಸಂಜೆಯ ಹೊತ್ತು ಸೇರಿಸುತ್ತಿದ್ದೇವೆ. ಬರೆದುದರ ಪ್ರತಿಯನ್ನು ಮೂರು ಮನೆಗಳಲ್ಲಿ ಇರಿಸಿದ್ದೇವೆ. ಚಕಾರ ಮುಗಿಯುತ್ತ ಬಂದಿದೆ. ತಕಾರದಿಂದ ಮುಂದಕ್ಕೆ ನೇಯ್ಗೆಯ, ಬಡಗಿಯ ಮಾತುಗಳನ್ನು ಬಲ್ಲ ಹಿರಿಯರು ತಮ್ಮ ಊರಿನಲ್ಲಿದ್ದರೆ ಹಳೆಯ ವಿದ್ಯಾರ್ಥಿಗಳು ದಯವಿಟ್ಟು ಶಾಲೆಗೆ ತಿಳಿಸಬೇಕು. ನಾನೇ ಬಂದು ಬರೆದುಕೊಳ್ಳುತ್ತೇನೆ.